ಪಿಚ್ ವೇದಿಕೆ ಹತ್ತುವ ಮೊದಲು, ಇಳಿದ ನಂತರ: ಬಳ್ಳಾರಿ, ರಾಯಚೂರು, ಕೊಪ್ಪಳದ ನವೋದ್ಯಮಿಗಳಿಗೆ ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಹೊಸ ಉದ್ಯಮ ಕಟ್ಟಲು ಹೊರಟವರಿಗೆ ಸ್ಟಾರ್ಟ್‌ಅಪ್ ಸಮಾವೇಶ, ಪಿಚ್ ಸ್ಪರ್ಧೆ (ಉದ್ಯಮದ ಕಲ್ಪನೆಯನ್ನು ಕೆಲವೇ ನಿಮಿಷಗಳಲ್ಲಿ ತೀರ್ಪುಗಾರರ ಮುಂದಿಡುವುದು), ಹ್ಯಾಕಥಾನ್ ಮುಂತಾದ ಹೆಸರುಗಳು ಈಗ ಅಪರಿಚಿತವಲ್ಲ. ಕಾಲೇಜಿನ ಸೂಚನಾ ಫಲಕದಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಹ್ವಾನಗಳು ಬರುತ್ತಲೇ ಇರುತ್ತವೆ. ಹೋದವರಲ್ಲಿ ಹಲವರು ಒಂದು ಪ್ರಮಾಣಪತ್ರ, ಒಂದು ಗುಂಪು ಫೋಟೊ ಮತ್ತು ಜೇಬಿನ ತುಂಬ ವಿಸಿಟಿಂಗ್ ಕಾರ್ಡುಗಳೊಂದಿಗೆ ಮರಳುತ್ತಾರೆ. ತಿಂಗಳು ಕಳೆದ ಮೇಲೆ ಅದರಿಂದ ಉದ್ಯಮಕ್ಕೆ ಏನಾಯಿತು ಎಂದು ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಪ್ರತಿಭೆ ಕಡಿಮೆಯಿರುವುದರಿಂದ ಹೀಗಾಗುತ್ತದೆ ಎಂದು ನಾನು ಒಪ್ಪುವುದಿಲ್ಲ. ಸಿದ್ಧತೆಯ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ವೇದಿಕೆ ಹತ್ತಿ, ಆಮೇಲೆ ಗ್ರಾಹಕರನ್ನು ಹುಡುಕೋಣ ಎಂದು ಹೊರಟವರು ಬರಿಗೈಯಲ್ಲಿ ಬರುತ್ತಾರೆ. ನಾಲ್ಕಾರು ಗ್ರಾಹಕರ ಮಾತನ್ನು ಕಟ್ಟಿಕೊಂಡು ವೇದಿಕೆ ಹತ್ತಿದವರಿಗೆ ಬಹುಮಾನ ಬಾರದಿದ್ದರೂ ಮುಂದಿನ ದಾರಿ ಕಾಣುತ್ತದೆ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಮೂರು ಜಿಲ್ಲೆಗಳಿಗೆ ಬೆಂಗಳೂರಿಗಿಲ್ಲದ ಅನುಕೂಲವೊಂದಿದೆ. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಅಕ್ಕಿ ಗಿರಣಿಗಳು, ಬಳ್ಳಾರಿಯ ಜೀನ್ಸ್ ಹೊಲಿಗೆ ಮತ್ತು ವಾಷಿಂಗ್ ಘಟಕಗಳು, ರಾಯಚೂರಿನ ಹತ್ತಿ ಮಾರುಕಟ್ಟೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ಆಶ್ರಯಿಸಿದ ಸಣ್ಣ ವರ್ಕ್‌ಶಾಪ್‌ಗಳು, ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ಕೂದಲು ಸಂಸ್ಕರಣೆ, ಕಿನ್ನಾಳದ ಮರದ ಆಟಿಕೆಗಳು: ಇವುಗಳಲ್ಲಿ ಯಾವುದರ ಸಮಸ್ಯೆಯನ್ನು ನೀವು ಕೈಗೆತ್ತಿಕೊಂಡರೂ ಹಣ ಕೊಟ್ಟು ಪರಿಹಾರ ಕೊಳ್ಳಬಲ್ಲವರು ಬಸ್ಸಿನಲ್ಲಿ ಒಂದೆರಡು ಗಂಟೆಯ ದೂರದಲ್ಲೇ ಇದ್ದಾರೆ. ಮುಂದೆ ವಿವರಿಸಿರುವ ಹಂತಗಳೆಲ್ಲ ಈ ಅನುಕೂಲವನ್ನು ನಂಬಿಯೇ ನಡೆಯುತ್ತವೆ.

ಮೊದಲ ಹಂತ: ಹೋಗುವ ಉದ್ದೇಶವನ್ನು ಬರೆದಿಟ್ಟುಕೊಳ್ಳಿ

ಸಂಪರ್ಕ ಬೆಳೆಸಿಕೊಳ್ಳಲು ಎಂಬುದು ಉದ್ದೇಶವಾಗಲಾರದು. ಮೊದಲ ಖರೀದಿದಾರ ಬೇಕೇ, ಜೊತೆಗೆ ದುಡಿಯುವ ಸಹಸಂಸ್ಥಾಪಕ ಬೇಕೇ, ಸರ್ಕಾರದ ಅನುದಾನ ಬೇಕೇ, ಹೂಡಿಕೆದಾರ ಬೇಕೇ, ಅಥವಾ ತಾಂತ್ರಿಕ ತೊಡಕೊಂದನ್ನು ಬಿಡಿಸಿಕೊಡುವ ಪರಿಣತರು ಬೇಕೇ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಸಹಸಂಸ್ಥಾಪಕನನ್ನು ಹುಡುಕುವವರಿಗೆ ಎರಡು ದಿನ ಒಟ್ಟಿಗೆ ಕುಳಿತು ಕೆಲಸ ಮಾಡಿಸುವ ಹ್ಯಾಕಥಾನ್ ಸೂಕ್ತ. ಖರೀದಿದಾರರನ್ನು ಹುಡುಕುವವರಿಗೆ ಅದೇ ಹ್ಯಾಕಥಾನ್ ವ್ಯರ್ಥ. ಮಾದರಿಯೇ ಇನ್ನೂ ಸಿದ್ಧವಾಗಿಲ್ಲದವರು ಹೂಡಿಕೆದಾರರ ಸಭೆಗೆ ಹೋದರೆ ಸೌಜನ್ಯದ ನಾಲ್ಕು ಮಾತು ಕೇಳಿ ಬರಬಹುದು, ಅಷ್ಟೆ.

ಎರಡನೆಯ ಹಂತ: ವೇದಿಕೆಗಳನ್ನು ಹುಡುಕುವುದು

ಹತ್ತಿರದಿಂದ ಆರಂಭಿಸಬೇಕು. ಕೇಂದ್ರ ಶಿಕ್ಷಣ ಸಚಿವಾಲಯವು 2018ರಿಂದ ಕಾಲೇಜುಗಳಲ್ಲಿ ನಾವೀನ್ಯತಾ ಮಂಡಳಿಗಳನ್ನು ರೂಪಿಸುತ್ತಿದ್ದು, ಐಐಸಿ ಎಂದೇ ಅವು ಪರಿಚಿತವಾಗಿವೆ. ಬಳ್ಳಾರಿಯ ಬಿಐಟಿಎಂ, ಆರ್‌ವೈಎಂಇಸಿ ಎಂಜಿನಿಯರಿಂಗ್ ಕಾಲೇಜುಗಳು, ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, 2019ರಲ್ಲಿ ಆರಂಭವಾದ ರಾಯಚೂರಿನ ಐಐಐಟಿ ಮುಂತಾದ ಕಡೆ ಇಂತಹ ಮಂಡಳಿ ಅಥವಾ ನವೋದ್ಯಮ ಕೋಶ ಯಾರ ಉಸ್ತುವಾರಿಯಲ್ಲಿದೆ, ಮುಂದಿನ ಕಾರ್ಯಕ್ರಮ ಯಾವಾಗ ಎಂದು ನೇರವಾಗಿ ಹೋಗಿ ವಿಚಾರಿಸಿ. ನೀವು ಆ ಕಾಲೇಜಿನ ವಿದ್ಯಾರ್ಥಿಯಲ್ಲದಿದ್ದರೂ ಪ್ರೇಕ್ಷಕರಾಗಿ ಬರಲು ಅನುಮತಿ ಕೇಳುವುದರಲ್ಲಿ ತಪ್ಪಿಲ್ಲ. ಕೇಂದ್ರ ಸರ್ಕಾರದ ಸ್ಟಾರ್ಟ್‌ಅಪ್ ಇಂಡಿಯಾ ಯೋಜನೆ 2016ರ ಜನವರಿ 16ರಂದು ಆರಂಭವಾದುದರ ನೆನಪಿಗೆ ಆ ದಿನವನ್ನು ರಾಷ್ಟ್ರೀಯ ಸ್ಟಾರ್ಟ್‌ಅಪ್ ದಿನವೆಂದು ಆಚರಿಸುವುದರಿಂದ, ಜನವರಿಯ ನಡುಭಾಗದ ಕಾರ್ಯಕ್ರಮಗಳ ಬಗ್ಗೆ ಡಿಸೆಂಬರಿನಲ್ಲೇ ವಿಚಾರಿಸಿಡುವುದು ಒಳ್ಳೆಯದು.

ಸ್ಟಾರ್ಟ್‌ಅಪ್ ಎಂಬ ಹೆಸರಿಲ್ಲದ ಸಭೆಗಳನ್ನು ನಾನು ಇನ್ನೂ ಹೆಚ್ಚು ಗೌರವದಿಂದ ಕಾಣುತ್ತೇನೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ, ಜಿಲ್ಲಾ ಕೈಗಾರಿಕಾ ಕೇಂದ್ರದ ಅರಿವು ಕಾರ್ಯಕ್ರಮಗಳು, ಬಳ್ಳಾರಿ ಮತ್ತು ರಾಯಚೂರಿನ ವಾಣಿಜ್ಯೋದ್ಯಮ ಸಂಸ್ಥೆಗಳ ಸಭೆಗಳು, ಅಕ್ಕಿ ಗಿರಣಿ ಮಾಲೀಕರ ಸಂಘದ ಕೂಟಗಳು: ಇಲ್ಲಿ ಪಿಚ್ ಇರುವುದಿಲ್ಲ, ತೀರ್ಪುಗಾರರೂ ಇರುವುದಿಲ್ಲ, ಆದರೆ ನಿಮ್ಮ ವಸ್ತುವನ್ನು ಕೊಳ್ಳಬೇಕಾದವರು ಇರುತ್ತಾರೆ. ಕೃಷಿ ಸಂಬಂಧಿ ಸಾಧನ ಮಾಡುವವರು ಕೃಷಿ ಮೇಳದಲ್ಲಿ ಮಳಿಗೆ ಹಿಡಿಯುವ ಮೊದಲು ಒಂದು ವರ್ಷ ಸುಮ್ಮನೆ ಓಡಾಡಿ, ರೈತರು ಯಾವ ಮಳಿಗೆಯ ಮುಂದೆ ನಿಲ್ಲುತ್ತಾರೆ, ಏನು ಕೇಳುತ್ತಾರೆ, ಯಾವ ಬೆಲೆ ಕೇಳಿ ಮುಂದೆ ಹೋಗುತ್ತಾರೆ ಎಂಬುದನ್ನು ಗಮನಿಸಬೇಕು.

ಜಿಲ್ಲೆಯ ಆಚೆಗೆ ಬಂದರೆ ಕೊಪ್ಪಳದವರಿಗೂ ಬಳ್ಳಾರಿಯವರಿಗೂ ಮೊದಲು ಒದಗುವುದು ಹುಬ್ಬಳ್ಳಿ. ಹೊಸ ಉದ್ಯಮಗಳಿಗೆ ಜಾಗ, ಮಾರ್ಗದರ್ಶನ ಕೊಟ್ಟು ಬೆಳೆಸುವ ದೇಶಪಾಂಡೆ ಸ್ಟಾರ್ಟಪ್ಸ್ ಎಂಬ ಇನ್‌ಕ್ಯುಬೇಷನ್ ಕೇಂದ್ರವೂ ಉದ್ಯಮಿಗಳ ಜಾಗತಿಕ ಸಂಘಟನೆಯಾದ ಟೈ ಸಂಸ್ಥೆಯ ಹುಬ್ಬಳ್ಳಿ ಘಟಕವೂ ಅಲ್ಲಿವೆ. ಕೃಷಿ ನವೋದ್ಯಮಿಗಳು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿಕ್ ಇನ್‌ಕ್ಯುಬೇಷನ್ ಕೇಂದ್ರವನ್ನು ತಪ್ಪದೆ ಗಮನಿಸಬೇಕು. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಡಿ 2018–19ರಲ್ಲಿ ಆರಂಭವಾದ ರಫ್ತಾರ್ ಕಾರ್ಯಕ್ರಮಕ್ಕೆ ಅದು ಜ್ಞಾನ ಸಹಭಾಗಿ ಸಂಸ್ಥೆಯಾಗಿದ್ದು, ಈ ಕಾರ್ಯಕ್ರಮದಲ್ಲಿ ಕಲ್ಪನೆಯ ಹಂತದವರಿಗೆ 5 ಲಕ್ಷ ರೂಪಾಯಿಯವರೆಗೆ, ಬೀಜ ಬಂಡವಾಳದ (ಆರಂಭಿಕ ಹೂಡಿಕೆಯ) ಹಂತದವರಿಗೆ 25 ಲಕ್ಷ ರೂಪಾಯಿಯವರೆಗೆ ನೆರವು ನಿಗದಿಯಾಗಿತ್ತು. ರಾಯಚೂರಿನವರಿಗೆ ಹೈದರಾಬಾದಿನ ಟಿ–ಹಬ್ ಎಂಬ ನವೋದ್ಯಮ ಕೇಂದ್ರ ಬೆಂಗಳೂರಿಗಿಂತ ಹತ್ತಿರ; ರಾಜ್ಯದ ಗಡಿ ನೋಡಿ ಅದನ್ನು ಬಿಟ್ಟುಬಿಡಬೇಕಾಗಿಲ್ಲ.

ಬೆಂಗಳೂರಿನ ವೇದಿಕೆಗಳಲ್ಲಿ ರಾಜ್ಯ ಸರ್ಕಾರದ ಎಲಿವೇಟ್ ಕಾರ್ಯಕ್ರಮ ಮುಖ್ಯವಾದುದು. 2017ರಲ್ಲಿ ಆರಂಭವಾದ ಇದರಡಿ ಆಯ್ಕೆಯಾದ ಉದ್ಯಮಕ್ಕೆ 50 ಲಕ್ಷ ರೂಪಾಯಿಯವರೆಗೆ ಅನುದಾನ ದೊರೆಯುತ್ತದೆ, ಮತ್ತು ಅದಕ್ಕೆ ಬದಲಾಗಿ ಸರ್ಕಾರ ನಿಮ್ಮ ಕಂಪನಿಯಲ್ಲಿ ಪಾಲು ಕೇಳುವುದಿಲ್ಲ. ಹಣ ಒಂದೇ ಸಲ ಬರುವುದಿಲ್ಲ. ಒಪ್ಪಿಕೊಂಡ ಗುರಿಗಳನ್ನು ಮುಟ್ಟಿದಂತೆ ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ರಾಜ್ಯದ 2025–30ರ ಸ್ಟಾರ್ಟ್‌ಅಪ್ ನೀತಿಯು 25,000 ಹೊಸ ಉದ್ಯಮಗಳ ಗುರಿಯಿಟ್ಟುಕೊಂಡು ಅದರಲ್ಲಿ 10,000 ಉದ್ಯಮಗಳು ಬೆಂಗಳೂರಿನ ಹೊರಗಿನಿಂದ ಬರಬೇಕೆಂದು ಹೇಳಿರುವುದರಿಂದ, ನಿಮ್ಮ ಜಿಲ್ಲೆಯ ಹೆಸರನ್ನು ಅರ್ಜಿಯಲ್ಲಿ ಸಂಕೋಚದಿಂದ ಬರೆಯುವ ಅಗತ್ಯವಿಲ್ಲ. ಪ್ರತಿವರ್ಷ ನವೆಂಬರ್ ಸುಮಾರಿಗೆ ನಡೆಯುವ ಬೆಂಗಳೂರು ಟೆಕ್ ಸಮಿಟ್ ಬಹಳ ದೊಡ್ಡ ಸಮಾವೇಶ. ಯಾರನ್ನು ಭೇಟಿಯಾಗಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳದೆ ಅಲ್ಲಿಗೆ ಹೋದರೆ ಕಾಲು ನೋವು ಮಾತ್ರ ಉಳಿಯುತ್ತದೆ. ಹೋಗುವುದಾದರೆ ಕೊಪ್ಪಳ, ಬಳ್ಳಾರಿಯ ಮೂಲಕ ಸಾಗುವ ಹಂಪಿ ಎಕ್ಸ್‌ಪ್ರೆಸ್ ರಾತ್ರಿಯ ಪ್ರಯಾಣದಲ್ಲಿ ತಲುಪಿಸುತ್ತದೆ, ಒಂದು ದಿನದ ವಸತಿ ಖರ್ಚು ಉಳಿಯುತ್ತದೆ.

ಮೂರನೆಯ ಹಂತ: ನಿಯಮಾವಳಿ ಮತ್ತು ಕಾಗದಪತ್ರ

ಅರ್ಜಿ ತುಂಬುವ ಮೊದಲು ನಿಯಮಾವಳಿಯನ್ನು ಕೊನೆಯ ಸಾಲಿನವರೆಗೆ ಓದಿ. ಬಹುಮಾನ ನಗದೋ, ಅಥವಾ ತರಬೇತಿ, ಕ್ಲೌಡ್ ಸೇವೆಗಳ ರಿಯಾಯಿತಿಯ ರೂಪದ್ದೋ? ಗೆದ್ದವರು ಪಾಲು ಬಿಟ್ಟುಕೊಡಬೇಕೇ? ಸಲ್ಲಿಸಿದ ಕಲ್ಪನೆಯ ಹಕ್ಕು ಯಾರದು? ಪ್ರಶಸ್ತಿ ಕೊಡುತ್ತೇವೆ ಎಂದು ಮೊದಲೇ ದೊಡ್ಡ ಶುಲ್ಕ ಕೇಳುವ ಕಾರ್ಯಕ್ರಮಗಳಿಂದ ದೂರವಿರಿ. ಊಟ, ಸಭಾಂಗಣದ ಖರ್ಚಿಗೆ ಸಣ್ಣ ಪ್ರವೇಶ ಶುಲ್ಕ ಕೇಳುವುದು ಬೇರೆ, ಗೌರವವನ್ನೇ ಮಾರುವುದು ಬೇರೆ.

ಪೇಟೆಂಟ್ ಪಡೆಯಬಹುದಾದ ಸಾಧನ ನಿಮ್ಮದಾಗಿದ್ದರೆ ಇಲ್ಲಿ ಅತ್ಯಂತ ಎಚ್ಚರಿಕೆ ಬೇಕು. ಅರ್ಜಿ ಸಲ್ಲಿಸುವ ಮೊದಲೇ ಆವಿಷ್ಕಾರದ ಒಳಗುಟ್ಟನ್ನು ಸಾರ್ವಜನಿಕ ವೇದಿಕೆಯಲ್ಲಿ ಬಿಚ್ಚಿಟ್ಟರೆ ಅದರ ಹೊಸತನವೇ ಕಾನೂನಿನ ಕಣ್ಣಿನಲ್ಲಿ ಹೊರಟುಹೋಗಬಹುದು. ಇದಕ್ಕೆ ಪರಿಹಾರವಾಗಿ ತಾತ್ಕಾಲಿಕ ವಿವರಣೆಯೊಂದಿಗೆ ಪೇಟೆಂಟ್ ಅರ್ಜಿ ಹಾಕುವ ಅವಕಾಶವಿದೆ. ಹಾಗೆ ಹಾಕಿದ ದಿನದಿಂದ 12 ತಿಂಗಳೊಳಗೆ ಪೂರ್ಣ ವಿವರಣೆಯನ್ನು ಸಲ್ಲಿಸಿದರೆ ಸಾಕು. ವ್ಯಕ್ತಿಗಳಿಗೆ ಮತ್ತು ನವೋದ್ಯಮಗಳಿಗೆ ಆನ್‌ಲೈನ್ ಅರ್ಜಿಯ ಮೂಲ ಸರ್ಕಾರಿ ಶುಲ್ಕ 1,600 ರೂಪಾಯಿ. ವಕೀಲರ ಶುಲ್ಕ ಬೇರೆ. ಹೆಸರು ಮತ್ತು ಚಿಹ್ನೆಯ ರಕ್ಷಣೆಗೆ ಟ್ರೇಡ್‌ಮಾರ್ಕ್ ಅರ್ಜಿಯ ಶುಲ್ಕ ಇದೇ ವರ್ಗದವರಿಗೆ ಆನ್‌ಲೈನಿನಲ್ಲಿ ಒಂದು ವಿಭಾಗಕ್ಕೆ 4,500 ರೂಪಾಯಿ. ಹೂಡಿಕೆದಾರರಿಂದ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಮಾಡಿಸಿಕೊಂಡೇ ಮಾತಾಡುತ್ತೇನೆ ಎಂದು ಹಟ ಹಿಡಿಯಬೇಡಿ, ಮೊದಲ ಭೇಟಿಯಲ್ಲಿ ಅವರು ಸಾಮಾನ್ಯವಾಗಿ ಸಹಿ ಮಾಡುವುದಿಲ್ಲ. ಸಾಧನ ಏನು ಮಾಡುತ್ತದೆ ಎಂಬುದನ್ನು ಹೇಳಿ, ಹೇಗೆ ಮಾಡುತ್ತದೆ ಎಂಬುದನ್ನು ಇಟ್ಟುಕೊಳ್ಳಿ.

ಸ್ಟಾರ್ಟ್‌ಅಪ್ ಇಂಡಿಯಾ ಮಾನ್ಯತೆಯನ್ನು ಹಲವು ಸ್ಪರ್ಧೆಗಳು ಕೇಳುತ್ತವೆ. ಏಕವ್ಯಕ್ತಿ ಮಾಲೀಕತ್ವದ ಸಂಸ್ಥೆಗೆ ಅದು ದೊರೆಯುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ, ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ), ನೋಂದಾಯಿತ ಪಾಲುದಾರಿಕೆ ಮುಂತಾದ ರೂಪದ ಸಂಸ್ಥೆ ಆಗಿರಬೇಕು. ಈ ಮಾನ್ಯತೆಗೂ ಸಣ್ಣ ಉದ್ಯಮಗಳ ಸರ್ಕಾರಿ ದಾಖಲಾತಿಯಾದ ಉದ್ಯಮ್ ನೋಂದಣಿಗೂ ಸರ್ಕಾರ ಶುಲ್ಕ ಪಡೆಯುವುದಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಇವೆರಡಕ್ಕೂ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿದ್ದಾರೆ.

ನಾಲ್ಕನೆಯ ಹಂತ: ವೇದಿಕೆಗೆ ಮೊದಲು ಗ್ರಾಹಕರ ಬಳಿಗೆ

ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಸಿಂಧನೂರಿನ ಇಬ್ಬರು ಎಂಜಿನಿಯರಿಂಗ್ ಪದವೀಧರರು ಗಿರಣಿಗೆ ಬಂದ ಭತ್ತದ ತೇವಾಂಶವನ್ನು ಅಳೆದು, ಅಳತೆಯ ಚೀಟಿಯನ್ನು ಅಲ್ಲೇ ರೈತನ ಮೊಬೈಲಿಗೆ ಕಳುಹಿಸುವ ಸಾಧನ ಮಾಡಿದ್ದಾರೆ ಎಂದುಕೊಳ್ಳಿ. ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶ ಶೇ 17ನ್ನು ಮೀರಬಾರದು ಎಂಬ ನಿಯಮವಿದೆ. ಖಾಸಗಿ ವ್ಯಾಪಾರದಲ್ಲಿ ಇಂದಿಗೂ ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ ತೀರ್ಮಾನಿಸುವವರಿದ್ದಾರೆ. ಹೀಗಿರುವಾಗ ಸಮಸ್ಯೆ ನಿಜವಾದುದೇ. ಆದರೆ ಇದರಿಂದ ಉಪಯೋಗ ಪಡೆಯುವವನು ರೈತ, ಹಣ ಕೊಟ್ಟು ಸಾಧನ ಕೊಳ್ಳಬೇಕಾದವನು ಗಿರಣಿ ಮಾಲೀಕ. ತನ್ನ ಅಳತೆಯನ್ನು ಇನ್ನೊಬ್ಬರಿಗೆ ತೋರಿಸುವ ಸಾಧನಕ್ಕೆ ಮಾಲೀಕನು ಏಕೆ ಹಣ ಕೊಡಬೇಕು?

ಈ ಪ್ರಶ್ನೆಗೆ ಉತ್ತರ ಲ್ಯಾಪ್‌ಟಾಪಿನಲ್ಲಿಲ್ಲ, ಗಿರಣಿಯ ಅಂಗಳದಲ್ಲಿದೆ. ಅಲ್ಲಿ ಹೋಗಿ ಕುಳಿತರೆ ಬೇರೆಬೇರೆ ಉತ್ತರಗಳು ಸಿಗಬಹುದು. ಲೋಡ್ ಇಳಿಸುವಾಗ ಪ್ರತಿಸಲ ನಡೆಯುವ ವಾದದಿಂದ ಲಾರಿಗಳು ಸಾಲುಗಟ್ಟುತ್ತವೆ, ಅದರಿಂದ ಹಮಾಲರ ಕೂಲಿ ಹೆಚ್ಚುತ್ತದೆ ಎಂದು ಒಬ್ಬರು ಹೇಳಬಹುದು. ಹೆಚ್ಚು ಹಸಿಯಿರುವ ಭತ್ತ ಗೊತ್ತಾಗದೆ ಒಳಗೆ ಸೇರಿ ದಾಸ್ತಾನು ಕೆಡುತ್ತದೆ ಎಂದು ಇನ್ನೊಬ್ಬರು ಹೇಳಬಹುದು. ಮೂರನೆಯವರು, ನಮಗೆ ಇದು ಬೇಡವೇ ಬೇಡ ಎನ್ನಬಹುದು. ಮೂರೂ ಉತ್ತರಗಳು ನಿಮಗೆ ಬೇಕು, ಮೂರನೆಯದು ಎಲ್ಲಕ್ಕಿಂತ ಹೆಚ್ಚು ಬೇಕು. ನಮ್ಮ ಸಾಧನ ಹೇಗಿದೆ ಎಂದು ಕೇಳಿದರೆ ನಮ್ಮ ಭಾಗದ ಹಿರಿಯರು ಮಕ್ಕಳ ಮನಸ್ಸು ನೋಯಿಸಬಾರದೆಂದು ಚೆನ್ನಾಗಿದೆಯಪ್ಪಾ ಎಂದೇ ಹೇಳುತ್ತಾರೆ. ಆದ್ದರಿಂದ ಹಾಗೆ ಕೇಳದೆ, ಕಳೆದ ಹಂಗಾಮಿನಲ್ಲಿ ಹಸಿ ಭತ್ತದಿಂದ ಎಷ್ಟು ನಷ್ಟವಾಯಿತು, ಆಗ ಏನು ಮಾಡಿದಿರಿ, ಅದಕ್ಕೆ ಎಷ್ಟು ಖರ್ಚಾಯಿತು ಎಂದು ಕೇಳಿ. ಆಗಿಹೋದ ಘಟನೆಯ ಬಗ್ಗೆ ಜನ ಸತ್ಯ ಹೇಳುತ್ತಾರೆ.

ಮಾತುಕತೆಯ ನಂತರ ಸಾಧನವನ್ನು ಒಂದು ಗಿರಣಿಯಲ್ಲಿ ಪ್ರಯೋಗಕ್ಕೆ ಇಡಲು ಅನುಮತಿ ಪಡೆಯಿರಿ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಮುಂಗಾರಿನ ಭತ್ತ ನವೆಂಬರ್–ಡಿಸೆಂಬರಿನಲ್ಲಿ, ಬೇಸಿಗೆಯದು ಏಪ್ರಿಲ್–ಮೇ ತಿಂಗಳಲ್ಲಿ ಕಟಾವಿಗೆ ಬರುವುದರಿಂದ ಪ್ರಯೋಗದ ಕಾಲವನ್ನು ಸ್ಪರ್ಧೆಯ ದಿನಾಂಕ ನಿರ್ಧರಿಸುವುದಿಲ್ಲ, ಹಂಗಾಮು ನಿರ್ಧರಿಸುತ್ತದೆ. ಸಾಧ್ಯವಾದರೆ ಸಣ್ಣ ಮೊತ್ತವನ್ನಾದರೂ ಪಡೆಯಿರಿ. ಪುಕ್ಕಟೆ ಕೊಟ್ಟ ಹತ್ತು ಸಾಧನಗಳಿಗಿಂತ ಹಣ ಪಡೆದು ಕೊಟ್ಟ ಒಂದು ಸಾಧನಕ್ಕೆ ತೀರ್ಪುಗಾರರ ಮುಂದೆ ಹೆಚ್ಚು ಬೆಲೆ. ಮಾಲೀಕರು ಒಪ್ಪಿದರೆ ಅವರ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲಿನ ಪತ್ರವನ್ನೂ ಅವರ ಅನುಮತಿಯಿಂದ ಸಾಧನದ ಫೋಟೊವನ್ನೂ ತೆಗೆದುಕೊಳ್ಳಿ. ಜೀನ್ಸ್ ವಾಷಿಂಗ್ ಘಟಕದ ನೀರನ್ನು ಮರುಬಳಕೆಗೆ ತರುವ ತಂತ್ರವಾಗಲಿ, ಉಕ್ಕಿನ ವರ್ಕ್‌ಶಾಪಿಗೆ ಬಿಡಿಭಾಗಗಳ ಲೆಕ್ಕ ಇಡುವ ಆ್ಯಪ್ ಆಗಲಿ, ವಿಧಾನ ಇದೇ.

ಐದನೆಯ ಹಂತ: ಪಿಚ್ ಬರೆಯುವುದು, ಮೊದಲು ಕನ್ನಡದಲ್ಲಿ

ಸ್ಪರ್ಧೆ ಇಂಗ್ಲಿಷಿನಲ್ಲಿ ನಡೆಯುವುದಾದರೂ ಪಿಚ್ಚನ್ನು ಮೊದಲು ಕನ್ನಡದಲ್ಲಿ ಬರೆಯಿರಿ ಎಂಬುದು ನನ್ನ ಒತ್ತಾಯದ ಸಲಹೆ. ಇಂಗ್ಲಿಷಿನಲ್ಲಿ ನೇರವಾಗಿ ಬರೆಯುವಾಗ ಕೇಳಿದ ಮಾತುಗಳೇ ಬಂದು ಕೂರುತ್ತವೆ. ಕನ್ನಡದಲ್ಲಿ ಬರೆಯುವಾಗ ನಾವು ನಿಜವಾಗಿ ಏನು ಮಾಡುತ್ತಿದ್ದೇವೆ ಎಂಬುದನ್ನು ಹೇಳಲೇಬೇಕಾಗುತ್ತದೆ. ಮೇಲಿನ ಉದಾಹರಣೆಯ ಒಂದು ನಿಮಿಷದ ಪಿಚ್ ಹೀಗಿರಬಹುದು. ಇದರಲ್ಲಿನ ಅಂಕಿಗಳು ತಿಳಿವಳಿಕೆಗಾಗಿ ಮಾತ್ರ.

"ಗಿರಣಿಗೆ ಭತ್ತದ ಲೋಡ್ ಬಂದಾಗ ತೇವಾಂಶ ಎಷ್ಟೆಂಬುದರ ಮೇಲೆ ಬೆಲೆ ನಿಂತಿದೆ. ಅಳತೆಯ ದಾಖಲೆ ರೈತರ ಕೈಗೆ ಸಿಗದಿರುವುದರಿಂದ ವಾದ ನಡೆಯುತ್ತದೆ, ಲಾರಿ ನಿಲ್ಲುತ್ತದೆ, ಗಿರಣಿಗೆ ನಷ್ಟವಾಗುತ್ತದೆ. ನಮ್ಮ ಸಾಧನ ತೇವಾಂಶ ಅಳೆದು ಗಿರಣಿಯ ಕಂಪ್ಯೂಟರಿಗೂ ರೈತರ ಮೊಬೈಲಿಗೂ ಒಂದೇ ಚೀಟಿಯನ್ನು ಕಳುಹಿಸುತ್ತದೆ. ಕಳೆದ ಹಂಗಾಮಿನಲ್ಲಿ ಎರಡು ಗಿರಣಿಗಳಲ್ಲಿ ಇದನ್ನು ಬಳಸಿದ್ದೇವೆ; ಒಂದು ಲೋಡ್ ಇಳಿಸುವ ಸಮಯ 50 ನಿಮಿಷದಿಂದ 30 ನಿಮಿಷಕ್ಕೆ ಇಳಿದಿದೆ. ಸಾಧನ ಮಾಡಲು 9,000 ರೂಪಾಯಿ ತಗಲುತ್ತದೆ, 15,000 ರೂಪಾಯಿಗೆ ಮಾರುತ್ತೇವೆ. ಮುಂದಿನ ಹಂಗಾಮಿನೊಳಗೆ 40 ಗಿರಣಿಗಳನ್ನು ಮುಟ್ಟಲು 20 ಲಕ್ಷ ರೂಪಾಯಿ ಬೇಕು."

ಇದರಲ್ಲಿ ಕ್ರಾಂತಿ, ಕೃತಕ ಬುದ್ಧಿಮತ್ತೆ, ವಿಶ್ವದರ್ಜೆ ಮೊದಲಾದ ಯಾವ ಮಾತೂ ಇಲ್ಲ. ಮಾರುಕಟ್ಟೆಯ ಗಾತ್ರ ಹೇಳುವಾಗ ಭಾರತದ ಕೃಷಿ ಇಷ್ಟು ಲಕ್ಷ ಕೋಟಿಯದು, ಅದರಲ್ಲಿ ಶೇ 1 ನಮಗೆ ಬಂದರೆ ಸಾಕು ಎಂಬ ಲೆಕ್ಕವನ್ನು ಯಾರೂ ನಂಬುವುದಿಲ್ಲ. ಅಚ್ಚುಕಟ್ಟಿನ ತಾಲ್ಲೂಕುಗಳಲ್ಲಿ ಎಷ್ಟು ಗಿರಣಿಗಳಿವೆ, ಒಂದೊಂದಕ್ಕೆ ಎಷ್ಟು ಸಾಧನ ಬೇಕು, ಎಷ್ಟು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ ಎಂದು ಕೆಳಗಿನಿಂದ ಎಣಿಸಿದ ಸಣ್ಣ ಅಂಕಿಗೇ ಗೌರವ ಸಿಗುತ್ತದೆ.

ಸ್ಲೈಡ್‌ಗಳು ಹತ್ತರ ಆಸುಪಾಸಿನಲ್ಲಿರಲಿ. ಕೊನೆಯ ಸಾಲಿನಲ್ಲಿ ಕುಳಿತವರು ಓದಬಹುದಾದಷ್ಟು ದೊಡ್ಡ ಅಕ್ಷರಗಳಿರಲಿ. ಬರೆದುದನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಹೇಳಿ ನೋಡಿ, ನಿಗದಿತ ಸಮಯದ ಹತ್ತರಲ್ಲಿ ಒಂದು ಪಾಲು ಉಳಿಯುವಂತೆ ಕತ್ತರಿಸಿ. ನಂತರ ನಿಮ್ಮ ಕ್ಷೇತ್ರಕ್ಕೆ ಸಂಬಂಧವಿಲ್ಲದ ಮನೆಯ ಹಿರಿಯರೊಬ್ಬರ ಮುಂದೆ ಹೇಳಿ, ಏನು ಅರ್ಥವಾಯಿತು ಎಂದು ಅವರಿಂದಲೇ ಹೇಳಿಸಿ. ಅವರು ತಪ್ಪಾಗಿ ಹೇಳಿದ ಜಾಗದಲ್ಲಿ ನಿಮ್ಮ ವಾಕ್ಯ ಸರಿಯಿಲ್ಲ. ಇಂಗ್ಲಿಷಿನಲ್ಲಿ ತಡವರಿಸುವವರು ಸ್ಲೈಡುಗಳನ್ನು ಇಂಗ್ಲಿಷಿನಲ್ಲಿಟ್ಟು, ಕನ್ನಡದಲ್ಲಿ ಮಾತಾಡಬಹುದೇ ಎಂದು ಆಯೋಜಕರನ್ನು ಮೊದಲೇ ಕೇಳಿ. ಕರ್ನಾಟಕದ ಒಳಗಿನ ಸ್ಪರ್ಧೆಯಲ್ಲಿ ಅದು ನ್ಯಾಯವಾದ ಕೋರಿಕೆ.

ಆರನೆಯ ಹಂತ: ಪ್ರಶ್ನೆಗಳಿಗೆ ಸಿದ್ಧತೆ

ಪಿಚ್ಚಿಗಿಂತ ಪ್ರಶ್ನೋತ್ತರದಲ್ಲಿ ಹೆಚ್ಚು ತೀರ್ಮಾನಗಳಾಗುತ್ತವೆ. ನಮ್ಮ ಉದಾಹರಣೆಯವರಿಗೆ ಬರಬಹುದಾದ ಪ್ರಶ್ನೆಗಳನ್ನು ನೋಡಿ. ತೇವಾಂಶ ಮಾಪಕಗಳು ಈಗಾಗಲೇ ಮಾರುಕಟ್ಟೆಯಲ್ಲಿರುವಾಗ ನಿಮ್ಮದು ಏಕೆ? ಅಳತೆಯ ಸಾಧನವಾದ್ದರಿಂದ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿಯಮಗಳನ್ನು ವಿಚಾರಿಸಿದ್ದೀರಾ? ದೊಡ್ಡ ಕಂಪನಿಯೊಂದು ಇದನ್ನೇ ಮಾಡಿದರೆ ಏನು ಗತಿ? ಒಂದು ಹಂಗಾಮಿಗೆ ಕಾಲುವೆಗೆ ನೀರು ಬಾರದಿದ್ದರೆ ನಿಮ್ಮ ಆದಾಯವೇನು? ಈ ಕೊನೆಯ ಪ್ರಶ್ನೆ ಬೆಂಗಳೂರಿನ ತೀರ್ಪುಗಾರರಿಗೆ ಹೊಳೆಯದಿರಬಹುದು, ಆದರೆ 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದುದನ್ನು ಕಂಡ ನಮ್ಮ ಭಾಗದವರು ಅದನ್ನು ಕೇಳದೆ ಬಿಡುವುದಿಲ್ಲ. ಭತ್ತದ ಜೊತೆಗೆ ಮೆಕ್ಕೆಜೋಳ, ಕಡಲೆಗೂ ಸಾಧನ ಹೊಂದಿಕೊಳ್ಳುತ್ತದೆಯೇ ಎಂಬುದನ್ನು ಮೊದಲೇ ಪರೀಕ್ಷಿಸಿಟ್ಟವರಿಗೆ ಇಲ್ಲಿ ಉತ್ತರವಿರುತ್ತದೆ. ಗೊತ್ತಿಲ್ಲದ ಪ್ರಶ್ನೆಗೆ, ಅದನ್ನು ನಾವು ಇನ್ನೂ ಪರೀಕ್ಷಿಸಿಲ್ಲ, ಇಂತಹ ದಿನದೊಳಗೆ ನೋಡಿ ತಿಳಿಸುತ್ತೇವೆ ಎಂದು ಹೇಳಿದರೆ ಗೌರವ ಕಡಿಮೆಯಾಗುವುದಿಲ್ಲ.

ಹಣದ ಲೆಕ್ಕವನ್ನು ಕಾಗದ ನೋಡದೆ ಹೇಳುವಂತಿರಬೇಕು. 20 ಲಕ್ಷ ರೂಪಾಯಿಗೆ ಶೇ 10 ಪಾಲು ಕೊಡುತ್ತೇವೆ ಎಂದಿರಾದರೆ, ಹಣ ಬಂದ ನಂತರ ಕಂಪನಿಯ ಮೌಲ್ಯ 2 ಕೋಟಿ, ಹಣ ಬರುವ ಮೊದಲಿನ ಮೌಲ್ಯ 1 ಕೋಟಿ 80 ಲಕ್ಷ ಎಂದು ನೀವೇ ಹೇಳಿದಂತಾಯಿತು. ಆ 1 ಕೋಟಿ 80 ಲಕ್ಷಕ್ಕೆ ಆಧಾರವೇನು ಎಂಬುದೇ ಮುಂದಿನ ಪ್ರಶ್ನೆ. ಆರಂಭದಲ್ಲೇ ಶೇ 30, 40 ಪಾಲನ್ನು ಸಣ್ಣ ಮೊತ್ತಕ್ಕೆ ಬಿಟ್ಟುಕೊಟ್ಟರೆ ಮುಂದಿನ ಹೂಡಿಕೆಗಳ ಹೊತ್ತಿಗೆ ಸಂಸ್ಥಾಪಕರ ಕೈಯಲ್ಲಿ ಹೇಳಿಕೊಳ್ಳುವಷ್ಟು ಪಾಲು ಉಳಿಯುವುದಿಲ್ಲ, ಹೊಸ ಹೂಡಿಕೆದಾರರೂ ಹಿಂಜರಿಯುತ್ತಾರೆ. ವೇದಿಕೆಯ ಮೇಲೆ ಯಾರೇ ಎಷ್ಟೇ ಆಕರ್ಷಕ ಮಾತು ಕೊಟ್ಟರೂ ಅಲ್ಲೇ ಒಪ್ಪಿಕೊಳ್ಳದೆ, ಲಿಖಿತವಾಗಿ ಕಳುಹಿಸಿ, ನಮ್ಮ ಲೆಕ್ಕಪರಿಶೋಧಕರೊಂದಿಗೆ ಮಾತಾಡಿ ತಿಳಿಸುತ್ತೇವೆ ಎಂದು ವಿನಯದಿಂದ ಹೇಳಿ. ಅನುದಾನದ ಸ್ಪರ್ಧೆಯಲ್ಲಾದರೆ ಮೌಲ್ಯದ ಪ್ರಶ್ನೆ ಬರುವುದಿಲ್ಲ. ಯಾವ ಕಂತಿನಲ್ಲಿ ಏನು ಮಾಡಿ ಮುಗಿಸುತ್ತೀರಿ ಎಂಬುದನ್ನು ತಿಂಗಳುವಾರು ತೋರಿಸಬೇಕು.

ಏಳನೆಯ ಹಂತ: ಕಾರ್ಯಕ್ರಮದ ದಿನ

ನಿಮ್ಮ ಸರದಿ ಯಾವಾಗಲೇ ಇರಲಿ, ಒಂದು ಗಂಟೆ ಮೊದಲು ತಲುಪಿ, ನಿಮ್ಮ ಕಡತ ಅವರ ಕಂಪ್ಯೂಟರಿನಲ್ಲಿ ಸರಿಯಾಗಿ ತೆರೆಯುತ್ತದೆಯೇ ನೋಡಿ. ಕನ್ನಡ ಅಕ್ಷರಗಳು ಬೇರೆ ಯಂತ್ರದಲ್ಲಿ ಚೆಲ್ಲಾಪಿಲ್ಲಿಯಾಗುವುದುಂಟು, ಆದ್ದರಿಂದ ಪಿಡಿಎಫ್ ಪ್ರತಿಯನ್ನೂ ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳಿ. ಸಾಧನದ ಪ್ರದರ್ಶನಕ್ಕೆ ಸಭಾಂಗಣದ ಇಂಟರ್ನೆಟ್ಟನ್ನೂ ವಿದ್ಯುತ್ತನ್ನೂ ನಂಬದೆ, ಚಾರ್ಜ್ ಆದ ಬ್ಯಾಟರಿ ಮತ್ತು ಮೊದಲೇ ಚಿತ್ರಿಸಿದ ಒಂದು ನಿಮಿಷದ ವಿಡಿಯೊ ಜೊತೆಗಿರಲಿ.

ಸಭಾಂಗಣದಲ್ಲಿ ಪರಿಚಯ ಮಾಡಿಕೊಳ್ಳುವ ವಿಷಯದಲ್ಲಿ ನಮ್ಮವರಿಗೆ ಸಂಕೋಚ ಹೆಚ್ಚು. ತಾವಾಗಿಯೇ ಹೋಗಿ ಮಾತಾಡಿಸಿದರೆ ಮೇಲೆ ಬಿದ್ದಂತಾಗುತ್ತದೆ ಎಂದು ಹಲವರು ಗೋಡೆಯ ಪಕ್ಕ ನಿಂತುಬಿಡುತ್ತಾರೆ. ಮಾತಿಗೆ ಆರಂಭ ಬೇಕಿದ್ದರೆ ನಿಮ್ಮ ಉದ್ಯಮದಿಂದ ಆರಂಭಿಸಬೇಡಿ, ಅವರದರಿಂದ ಆರಂಭಿಸಿ. ನಮಸ್ಕಾರ ಸರ್, ನಾವು ಸಿಂಧನೂರಿನವರು, ತಾವು ಯಾವ ಕ್ಷೇತ್ರದಲ್ಲಿದ್ದೀರಿ ಎಂಬಷ್ಟೇ ಸಾಕು. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು, ನಿಮ್ಮ ಕೆಲಸವನ್ನು ಎರಡು ವಾಕ್ಯಗಳಲ್ಲಿ ಹೇಳಿ, ನಿರ್ದಿಷ್ಟವಾದ ಒಂದನ್ನು ಕೇಳಿ. ಏನಾದರೂ ಸಹಾಯ ಮಾಡಿ ಸರ್ ಎಂಬ ಕೋರಿಕೆಗೆ ಯಾರೂ ಏನೂ ಮಾಡಲಾರರು; ದಾವಣಗೆರೆಯಲ್ಲಿ ನಿಮಗೆ ಪರಿಚಯವಿರುವ ಗಿರಣಿ ಮಾಲೀಕರೊಬ್ಬರಿಗೆ ನಮ್ಮನ್ನು ಪರಿಚಯಿಸುವಿರಾ ಎಂದು ಕೇಳಿದರೆ ಅವರು ಅಲ್ಲೇ ಫೋನ್ ತೆಗೆಯಬಹುದು.

ಎಲ್ಲರೂ ಮುಖ್ಯ ಅತಿಥಿಯ ಸುತ್ತ ಮುತ್ತಿಕೊಂಡಿರುವಾಗ ನೀವು ಇತರ ಸ್ಪರ್ಧಿಗಳ ಬಳಿಗೆ ಹೋಗಿ. ಅಕ್ಕಿಯ ಪ್ಯಾಕಿಂಗ್ ಮಾಡುವವರು, ಗಿರಣಿಗೆ ಲೆಕ್ಕದ ತಂತ್ರಾಂಶ ಮಾರುವವರು, ರೈತ ಉತ್ಪಾದಕ ಕಂಪನಿಯ ಕಾರ್ಯನಿರ್ವಾಹಕರು ನಿಮ್ಮ ಪ್ರತಿಸ್ಪರ್ಧಿಗಳಲ್ಲ. ಅವರ ಗ್ರಾಹಕರೇ ನಿಮ್ಮ ಗ್ರಾಹಕರು. ಇನ್‌ಕ್ಯುಬೇಷನ್ ಕೇಂದ್ರದ ಕಿರಿಯ ಸಿಬ್ಬಂದಿಯನ್ನೂ ಮಾತಾಡಿಸಿ, ಏಕೆಂದರೆ ಮುಂದಿನ ಅರ್ಜಿಯ ಕೊನೆಯ ದಿನಾಂಕ, ಕಳೆದ ಬಾರಿ ಅರ್ಜಿಗಳು ತಿರಸ್ಕೃತವಾದ ಕಾರಣ ಅವರಿಗೆ ಗೊತ್ತಿರುತ್ತದೆ. ಪ್ರತಿಯೊಬ್ಬರ ಕಾರ್ಡಿನ ಹಿಂಬದಿಯಲ್ಲಿ ಏನು ಮಾತಾಯಿತು, ಯಾರು ಯಾರಿಗೆ ಏನು ಕಳುಹಿಸಬೇಕು ಎಂಬುದನ್ನು ಅಲ್ಲೇ ಬರೆದುಕೊಳ್ಳಿ.

ಮಹಿಳಾ ಉದ್ಯಮಿಗಳು ಸಂಜೆಯ ಕಾರ್ಯಕ್ರಮಗಳಿಗೆ ಹೊರಡುವ ಮೊದಲು ಮುಗಿಯುವ ಸಮಯ, ಮರಳುವ ಕೊನೆಯ ಬಸ್ಸು, ವಸತಿ ವ್ಯವಸ್ಥೆಯನ್ನು ಆಯೋಜಕರಿಂದ ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ನಮ್ಮ ಜಿಲ್ಲೆಗಳ ಆಯೋಜಕರು ಕಾರ್ಯಕ್ರಮವನ್ನು ಹಗಲಿನಲ್ಲೇ ಮುಗಿಸಿದರೆ ಬರುವವರ ಸಂಖ್ಯೆ ಖಂಡಿತ ಹೆಚ್ಚುತ್ತದೆ.

ಎಂಟನೆಯ ಹಂತ: ಮರುದಿನದಿಂದ

ಭೇಟಿಯಾದ 48 ಗಂಟೆಯೊಳಗೆ ಸಂದೇಶ ಕಳುಹಿಸಿ. ಎಲ್ಲರಿಗೂ ಒಂದೇ ಸಂದೇಶ ಬೇಡ. ಎಲ್ಲಿ ಭೇಟಿಯಾದಿರಿ, ಯಾವ ವಿಷಯ ಮಾತಾಡಿದಿರಿ, ನೀವು ಕಳುಹಿಸುತ್ತೇನೆ ಎಂದಿದ್ದ ಕಡತ, ಮುಂದೆ ಕೇಳುತ್ತಿರುವ ಒಂದೇ ಒಂದು ವಿಷಯ, ಇಷ್ಟನ್ನು ಐದಾರು ಸಾಲುಗಳಲ್ಲಿ ಬರೆಯಿರಿ. ಗಿರಣಿ ಮಾಲೀಕರಿಗೆ ಇಮೇಲ್ ಕಳುಹಿಸಿ ಕಾಯುವುದರಲ್ಲಿ ಅರ್ಥವಿಲ್ಲ, ಫೋನ್ ಮಾಡಿ ಹೋಗಬೇಕು. ಹೂಡಿಕೆ ಸಂಸ್ಥೆಯವರಿಗೆ ಇಮೇಲ್ ಸರಿ. ಉತ್ತರ ಬಾರದಿದ್ದರೆ ವಾರದ ನಂತರ ಒಮ್ಮೆ, ಉದ್ಯಮದಲ್ಲಿ ಹೊಸತೇನಾದರೂ ಆದಾಗ ಮತ್ತೊಮ್ಮೆ ಬರೆಯಿರಿ. ನಿಮಗೆ ಸಮಯ ಕೊಟ್ಟವರಿಗೆ ತಿಂಗಳಿಗೊಮ್ಮೆ ಎಷ್ಟು ಸಾಧನ ಮಾರಾಟವಾಯಿತು, ಯಾವುದು ಕೆಟ್ಟಿತು, ಏನು ಬೇಕಾಗಿದೆ ಎಂಬ ಸಣ್ಣ ವರದಿ ಕಳುಹಿಸುತ್ತಿದ್ದರೆ, ಅವರು ಹೂಡಿಕೆ ಮಾಡದಿದ್ದರೂ ಮಾಡುವವರ ಬಳಿ ನಿಮ್ಮ ಹೆಸರು ಹೇಳುತ್ತಾರೆ.

ತೀರ್ಪುಗಾರರ ಟೀಕೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ಒಂದೇ ಟೀಕೆಯನ್ನು ಎಷ್ಟು ಜನ ಹೇಳಿದರು ಎಂದು ನೋಡಿ. ಒಬ್ಬರು ಹೇಳಿದ್ದಕ್ಕೆಲ್ಲ ಉದ್ಯಮದ ದಿಕ್ಕು ಬದಲಾಯಿಸಬೇಕಾಗಿಲ್ಲ. ಸಂಬಂಧವಿಲ್ಲದ ಮೂವರು ಒಂದೇ ದೋಷ ತೋರಿಸಿದರೆ ಅದನ್ನು ಸರಿಪಡಿಸುವವರೆಗೆ ಬೇರೆ ಸ್ಪರ್ಧೆಗೆ ಅರ್ಜಿ ಹಾಕಬೇಡಿ. ತಂಡದ ಎಲ್ಲರೂ ಪ್ರತಿ ಕಾರ್ಯಕ್ರಮಕ್ಕೆ ಹೋಗುವ ಅಭ್ಯಾಸವನ್ನೂ ಬಿಡಿ. ಒಬ್ಬರು ವೇದಿಕೆಗೆ ಹೋದರೆ ಇನ್ನೊಬ್ಬರು ಗಿರಣಿಯಲ್ಲಿರಬೇಕು, ಮತ್ತು ಕಟಾವಿನ ಹಂಗಾಮಿನಲ್ಲಿ ಇಬ್ಬರೂ ಗಿರಣಿಯಲ್ಲಿರಬೇಕು. ಎಲಿವೇಟ್‌ನಂತಹ ಅನುದಾನದ ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ, ಹಳೆಯ ಅರ್ಜಿಯ ಪ್ರತಿಯನ್ನು ಇಟ್ಟುಕೊಂಡು, ಮುಂದಿನ ಸುತ್ತಿನ ಹೊತ್ತಿಗೆ ಅದರ ಯಾವ ಯಾವ ಸಾಲು ಬದಲಾಗಿದೆ ಎಂದು ಹೋಲಿಸಿ ನೋಡಿ. ಗ್ರಾಹಕರ ಸಂಖ್ಯೆಯ ಸಾಲು ಬದಲಾಗಿದ್ದರೆ ಅರ್ಜಿ ಹಾಕಿ. ಸ್ಲೈಡಿನ ಬಣ್ಣ ಮಾತ್ರ ಬದಲಾಗಿದ್ದರೆ ಇನ್ನೊಂದು ಹಂಗಾಮು ಕಾಯಿರಿ.